ಕಪ್ಪತಗುಡ್ಡದ ಬೆಂಕಿ: ಗಿಡ ವಿರಳಗೊಳಿಸುವುದು, ಮುಂಚಿತವಾಗಿ ಸುಡುವುದು ನಮ್ಮ ಗುಡ್ಡಕ್ಕೆ ಹೊಂದೀತೇ?

ಪ್ರಶ್ನೆ: ಗುಡ್ಡದ ಸೆರಗಿನ ರೈತ, ಮುಂಡರಗಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕಪ್ಪತಗುಡ್ಡದ ಸೆರಗಿನಲ್ಲಿ ನಮ್ಮದು ಆರು ಎಕರೆ ಮಸಾರಿ ಹೊಲವಿದೆ. ಅದರ ಪಡುವಣ ಬದು ದಾಟಿದರೆ ಅಭಯಾರಣ್ಯ. ಹೋದ ಬೇಸಿಗೆಯಲ್ಲಿ, ಶಿವರಾತ್ರಿ ಮುಗಿದು ಹತ್ತು-ಹನ್ನೆರಡು ದಿನಗಳಾಗಿದ್ದಾಗ, ಮಧ್ಯಾಹ್ನ ಗುಡ್ಡದ ಕೆಳಗಣ ಕೊಳ್ಳದಲ್ಲಿ ಕಂಡ ಹೊಗೆ ಸಂಜೆಯೊಳಗೆ ನೆತ್ತಿ ಮುಟ್ಟಿತು. ರಾತ್ರಿ ಗಾಳಿ ತಿರುಗಿದಾಗ ಬೆಂಕಿ ನಮ್ಮ ಕಡೆಗೆ ಇಳಿಯಿತು. ಊರಿನ ಮೂವತ್ತು ಜನ ಹಸಿ ಟೊಂಗೆ ಹಿಡಿದು ಬೆಳಗಿನ ಜಾವದವರೆಗೆ ಬಡಿದು ನಂದಿಸಿದೆವು. ಜೀವಹಾನಿಯಾಗಲಿಲ್ಲ, ಆದರೆ ಬದುವಿನ ಪಕ್ಕದಲ್ಲಿದ್ದ ನನ್ನ ಕಣಿಕೆಯ ಬಣವಿ ಪೂರ್ತಿ ಸುಟ್ಟಿತು, ಎರಡು ಎತ್ತುಗಳಿಗೆ ಮುಂಗಾರಿಯವರೆಗೆ ಮೇವನ್ನು ಕೊಂಡು ಹಾಕಬೇಕಾಯಿತು.

ಆ ಮೇಲೆ ಈ ವಿಷಯದ ಬಗ್ಗೆ ಓದಲು ಆರಂಭಿಸಿದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬೆಂಕಿ ಬಿದ್ದ ಮೇಲೆ ಓಡಾಡುವುದಕ್ಕಿಂತ ಮೊದಲೇ ಕಾಡಿನ ಉರುವಲನ್ನು ಕಡಿಮೆ ಮಾಡುತ್ತಾರೆಂದೂ, ದಟ್ಟವಾಗಿ ಬೆಳೆದ ಗಿಡಗಳಲ್ಲಿ ಕೆಲವನ್ನು ಕಡಿದು ವಿರಳಗೊಳಿಸಿ, ತಂಪು ಹವೆಯ ದಿನ ನೋಡಿ ತಾವೇ ಬೆಂಕಿ ಹಚ್ಚಿ ತರಗನ್ನು ಸುಡುತ್ತಾರೆಂದೂ ತಿಳಿಯಿತು. ನಮ್ಮಲ್ಲಿಯೂ ಹೀಗೆ ಮಾಡಲು ಸಾಧ್ಯವೇ? ನಮ್ಮ ಊರಿನ ಅರಣ್ಯ ಸಮಿತಿಯ ಮುಂದೆ ಈ ಮಾತನ್ನು ಇಡಬೇಕೆಂದಿದ್ದೇನೆ. ಇಡುವ ಮೊದಲು ತಿಳಿದವರಿಂದ ತಿದ್ದಿಸಿಕೊಳ್ಳುವುದು ಒಳ್ಳೆಯದೆಂದು ಇಲ್ಲಿ ಬರೆಯುತ್ತಿದ್ದೇನೆ.


ಉತ್ತರ 1: ಅರಣ್ಯಶಾಸ್ತ್ರ ಅಧ್ಯಾಪಕಿ, ಧಾರವಾಡ

ನಮಸ್ಕಾರ ಸರ್. ಬಣವಿ ಸುಟ್ಟ ಸಂಗತಿ ಓದಿ ಬೇಸರವಾಯಿತು. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಅವು ಯಾವ ಕಾಡಿಗಾಗಿ ಹುಟ್ಟಿದವು ಎಂಬುದನ್ನು ಮೊದಲು ನೋಡೋಣ.

ಪಶ್ಚಿಮ ಅಮೆರಿಕದ ಪಾಂಡರೋಸಾ ಪೈನ್ ಕಾಡುಗಳಲ್ಲಿ ಹಿಂದೆ ಕೆಲವೇ ವರ್ಷಗಳಿಗೊಮ್ಮೆ ನೆಲಮಟ್ಟದ ಸಣ್ಣ ಬೆಂಕಿ ಹಾದುಹೋಗುತ್ತಿತ್ತು. ಮಿಂಚಿನಿಂದ ಬಿದ್ದದ್ದೂ ಉಂಟು, ಅಲ್ಲಿಯ ಮೂಲನಿವಾಸಿಗಳು ಹಚ್ಚಿದ್ದೂ ಉಂಟು. ಆ ಬೆಂಕಿ ಹುಲ್ಲನ್ನೂ ಸಸಿಗಳನ್ನೂ ಸುಟ್ಟು, ದಪ್ಪ ತೊಗಟೆಯ ದೊಡ್ಡ ಮರಗಳನ್ನು ಉಳಿಸುತ್ತಿತ್ತು. 1910ರಲ್ಲಿ ರಾಕಿ ಪರ್ವತಗಳ ಉತ್ತರ ಭಾಗದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಕೆಲವೇ ದಿನಗಳಲ್ಲಿ ಸುಟ್ಟ ನಂತರ, ಎಲ್ಲ ಬೆಂಕಿಯನ್ನೂ ಕೂಡಲೇ ಆರಿಸಬೇಕೆಂಬ ನಿಲುವು ಅಲ್ಲಿ ಬಲವಾಯಿತು. 1935ರಲ್ಲಂತೂ, ಕಂಡ ಬೆಂಕಿಯನ್ನು ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂದು ಅಲ್ಲಿಯ ಅರಣ್ಯ ಸೇವೆ ನಿಯಮವನ್ನೇ ಮಾಡಿತು. ದಶಕಗಳ ಕಾಲ ಬೆಂಕಿ ಕಾಣದ ಆ ಕಾಡಿನಲ್ಲಿ ಸಣ್ಣ ಮರಗಳು ಒತ್ತೊತ್ತಾಗಿ ಬೆಳೆದವು. ನೆಲದ ಬೆಂಕಿ ದೊಡ್ಡ ಮರಗಳ ತಲೆಗೆ ಹತ್ತಲು ಈ ಸಣ್ಣ ಮರಗಳೇ ಏಣಿಯಾಗುತ್ತವೆ. ತಲೆಯಿಂದ ತಲೆಗೆ ಹಾರುವ ಬೆಂಕಿಯನ್ನು ಮನುಷ್ಯರು ಎದುರಿಸಿ ನಿಲ್ಲುವುದು ಬಹಳ ಕಷ್ಟ. ಆದ್ದರಿಂದ ಅಲ್ಲಿ ಮೊದಲು ಆ ಏಣಿಯನ್ನು ಕಡಿಯುತ್ತಾರೆ, ಆಮೇಲೆ ಕೆಳಗೆ ಬಿದ್ದದ್ದನ್ನು ಸುಡುತ್ತಾರೆ. ಎರಡೂ ಕೂಡಿದಾಗಲೇ ಫಲ ಚೆನ್ನಾಗಿರುತ್ತದೆ. ಕಡಿದ ಟೊಂಗೆಗಳನ್ನು ಅಲ್ಲಿಯೇ ಬಿಟ್ಟರೆ ಬೆಂಕಿಗೆ ಹಾಸಿಗೆ ಹಾಸಿಕೊಟ್ಟಂತಾಗುತ್ತದೆ.

ಈಗ ಕಪ್ಪತಗುಡ್ಡಕ್ಕೆ ಬರೋಣ. ಅಲ್ಲಿರುವುದು ಕುರುಚಲು ಕಾಡು ಮತ್ತು ಹುಲ್ಲು. ಬಂದರಿಕೆ, ಸೀತಾಫಲ, ದಿಂಡಲಗಳ ನಡುವೆ ಆಳೆತ್ತರಕ್ಕೆ ಬೆಳೆಯುವ ಬಾದೆ ಹುಲ್ಲನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಇಲ್ಲಿಯ ಬೆಂಕಿ ನೆಲದ ಮೇಲೆಯೇ ಓಡುತ್ತದೆ, ಮತ್ತು ಓಡುವುದು ಹುಲ್ಲಿನ ಬಲದಿಂದ. ಬೆಂಕಿಯನ್ನು ಅಧ್ಯಯನ ಮಾಡುವವರು ಉರುವಲನ್ನು ಅದರ ದಪ್ಪದಿಂದ ವಿಂಗಡಿಸುತ್ತಾರೆ. 6 ಮಿಲಿಮೀಟರಿಗಿಂತ ತೆಳುವಾದದ್ದು, ಅಂದರೆ ಹುಲ್ಲು, ಎಲೆ, ಕಡ್ಡಿ, ಗಾಳಿಯ ತೇವಕ್ಕೆ ಒಂದು ತಾಸಿನಲ್ಲಿ ಹೊಂದಿಕೊಳ್ಳುತ್ತದೆ. 25 ಮಿಲಿಮೀಟರಿನವರೆಗಿನ ಕಡ್ಡಿಗೆ ಹತ್ತು ತಾಸು ಬೇಕು, 75ರವರೆಗಿನ ಟೊಂಗೆಗೆ ನೂರು ತಾಸು, ಅದಕ್ಕಿಂತ ದಪ್ಪನೆಯ ದಿಮ್ಮಿಗೆ ಸಾವಿರ ತಾಸು. ಪೈನ್ ಕಾಡಿನಲ್ಲಿ ಈ ನಾಲ್ಕೂ ಬಗೆಯ ಉರುವಲು ವರ್ಷಗಟ್ಟಲೆ ಪೇರಿಸಿಕೊಂಡಿರುತ್ತದೆ. ನಿಮ್ಮ ಗುಡ್ಡದಲ್ಲಿ ಹೆಚ್ಚಿನದು ಮೊದಲನೆಯ ಬಗೆಯದು. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ಹುಲ್ಲು ಮಧ್ಯಾಹ್ನಕ್ಕೆ ಮದ್ದಿನಂತಾಗುವುದು ಇದೇ ಕಾರಣಕ್ಕೆ.

ಇದರಿಂದ ಏಳುವ ತೊಡಕು ಹೀಗಿದೆ. ಕಪ್ಪತಗುಡ್ಡದಲ್ಲಿ ಗಿಡ ಕಡಿದು ವಿರಳಗೊಳಿಸಿದರೆ ನೆರಳು ಕಡಿಮೆಯಾಗುತ್ತದೆ, ನೆಲಕ್ಕೆ ಬಿಸಿಲೂ ಗಾಳಿಯೂ ಹೆಚ್ಚು ತಾಗುತ್ತವೆ, ಮುಂದಿನ ಮಳೆಗಾಲದಲ್ಲಿ ಹುಲ್ಲು ಇಮ್ಮಡಿ ಹುಮ್ಮಸ್ಸಿನಿಂದ ಏಳುತ್ತದೆ. ಉರುವಲು ಕಡಿಮೆಯಾಗಲೆಂದು ಮಾಡಿದ ಕೆಲಸ ಉರುವಲನ್ನು ಬೆಳೆಸುತ್ತದೆ. ಪೈನ್ ಕಾಡಿನಲ್ಲಿ ಒಮ್ಮೆ ಕಡಿದು ಸುಟ್ಟರೆ ಕೆಲವು ವರ್ಷ ನೆಮ್ಮದಿ ಸಿಗುತ್ತದೆ, ನಮ್ಮ ಹುಲ್ಲಿನ ಲೆಕ್ಕ ಮಾತ್ರ ಪ್ರತಿ ಮಳೆಗಾಲಕ್ಕೆ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಗಿಡ ವಿರಳಗೊಳಿಸುವ ಬೇಡಿಕೆಯನ್ನು ನಿಮ್ಮ ಸಮಿತಿಯ ಮುಂದೆ ಇಡಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹುಲ್ಲನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಇಡಿರಿ.

ವಿರಳಗೊಳಿಸುವುದಕ್ಕೆ ನಮ್ಮ ಭಾಗದಲ್ಲಿ ಜಾಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ನೋಡಿರಿ. 1974ರಲ್ಲಿ ಘೋಷಿತವಾದ ಆ 119 ಚದರ ಕಿಲೋಮೀಟರಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಗಿದೆ. ಕೃಷ್ಣಮೃಗ ಬಯಲಿನ ಪ್ರಾಣಿ, ದೂರ ಕಂಡರೆ ಮಾತ್ರ ಅದಕ್ಕೆ ಧೈರ್ಯ. ನೀಲಗಿರಿಯ ಎಣ್ಣೆಯಂಶದ ಎಲೆಯೂ ಸುಲಿದು ಜೋತುಬೀಳುವ ತೊಗಟೆಯೂ ಬೆಂಕಿಗೆ ಒಳ್ಳೆಯ ಆಹಾರ. ಅಲ್ಲಿ ಮರ ತೆಗೆಯುವುದರಿಂದ ಮೃಗಕ್ಕೂ ನೆಲಕ್ಕೂ ಲಾಭವಿದೆ. ಆದರೆ ಕಡಿದ ನೀಲಗಿರಿ ಬುಡದಿಂದ ಮತ್ತೆ ಚಿಗುರುತ್ತದೆ, ಆದ್ದರಿಂದ ಒಮ್ಮೆ ಕಡಿದು ಕೈಬಿಡುವ ಕೆಲಸ ಅದಲ್ಲ.


ಉತ್ತರ 2: ನಿವೃತ್ತ ಫಾರೆಸ್ಟರ್, ಹಾನಗಲ್ಲ

ಮೇಡಂ ಅವರು ಹುಲ್ಲಿನ ಬಗ್ಗೆ ಬರೆದದ್ದು ಸರಿಯಾಗಿದೆ. ನಾನು ಹೆಚ್ಚು ವರ್ಷ ಕೆಲಸ ಮಾಡಿದ್ದು ಕಲಘಟಗಿ ಮತ್ತು ಹಾನಗಲ್ಲ ಕಡೆಯ ಸಾಗವಾನಿ ಕಾಡುಗಳಲ್ಲಿ. ಅಲ್ಲಿ ನೆಡುತೋಪುಗಳ ಮರಗಳನ್ನು ಕಾರ್ಯಯೋಜನೆಯ ಪ್ರಕಾರ ವಿರಳಗೊಳಿಸುವುದು ಹಳೆಯ ಪದ್ಧತಿ, ಆದರೆ ಅದನ್ನು ಮಾಡುವುದು ಉಳಿದ ಮರಗಳು ದಪ್ಪವಾಗಲೆಂದು. ಬೆಂಕಿಯ ದೃಷ್ಟಿಯಿಂದ ಆ ಕೆಲಸದ ಗುಣ-ದೋಷವೆಲ್ಲ ಕಡಿದ ನಂತರ ಬಿದ್ದ ಟೊಂಗೆ-ಟಿಸಿಲನ್ನು ಎತ್ತಿದ್ದೇವೆಯೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ. ಮೊದಲು ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಅದನ್ನು ಒಲೆಗೆ ಒಯ್ಯುತ್ತಿದ್ದರು, ವಾರದಲ್ಲಿ ನೆಲ ಬರಿದಾಗುತ್ತಿತ್ತು. ಗ್ಯಾಸ್ ಬಂದ ಮೇಲೆ ಹಾಗೆಯೇ ಬಿದ್ದಿರುವುದನ್ನು ನೋಡಿದ್ದೇನೆ. ಅವರ ಮನೆಗಳಿಂದ ಹೊಗೆ ಹೋದದ್ದು ಒಳ್ಳೆಯದೇ ಆಯಿತು, ಆದರೆ ಕಾಡಿನ ನೆಲದ ಮೇಲೆ ಉಳಿದ ಉರುವಲಿನ ಲೆಕ್ಕವನ್ನೂ ಯಾರಾದರೂ ಇಡಬೇಕಲ್ಲವೇ?

ಮುಂಚಿತವಾಗಿ ಸುಡುವುದರ ಬಗ್ಗೆ ಹೇಳುತ್ತೇನೆ. ಅದು ನಮ್ಮ ಇಲಾಖೆಗೆ ಹೊಸದಲ್ಲ. ಬೆಂಕಿ ರೇಖೆ ಎಂದು ನಾವು ಕರೆಯುವುದು ಅದನ್ನೇ. ರಸ್ತೆ ಅಥವಾ ಗಡಿಗುಂಟ ಎರಡು ಸಾಲು ಹುಲ್ಲನ್ನು ನೆಲಮಟ್ಟಕ್ಕೆ ಸವರಿ, ನಡುವಿನ ಪಟ್ಟಿಯನ್ನು ಸುಟ್ಟುಬಿಟ್ಟರೆ, ಬೇಸಿಗೆಯಲ್ಲಿ ಬರುವ ಬೆಂಕಿ ಅಲ್ಲಿ ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ಹೇಳಲು ಸುಲಭ. ಹುಲ್ಲು ಅರೆ ಒಣಗಿರಬೇಕು. ಪೂರ್ತಿ ಹಸಿಯಿದ್ದರೆ ಹೊಗೆಯಾಡುತ್ತದೆ, ಉರಿಯುವುದಿಲ್ಲ, ಪೂರ್ತಿ ಒಣಗಿದ್ದರೆ ಕೈಮೀರುತ್ತದೆ. ನಮ್ಮ ಕಡೆಗೆ ಆ ಹದ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಬರುತ್ತದೆ, ಒಂದೊಂದು ವರ್ಷ ಹದಿನೈದು ದಿನ ಹಿಂದೆಮುಂದೆ. ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಗಾಳಿ ಏಳುವ ಮೊದಲು ಮುಗಿಸಬೇಕು. ಬೆಂಕಿಯನ್ನು ಗಾಳಿಗೆ ಎದುರಾಗಿ, ಇಳಿಜಾರಿದ್ದರೆ ಮೇಲಿನಿಂದ ಕೆಳಕ್ಕೆ ಹಚ್ಚಬೇಕು. ಕೆಳಗೆ ಹಚ್ಚಿದರೆ ಜ್ವಾಲೆ ಮೇಲಿನ ಹುಲ್ಲನ್ನು ತಾನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಏರುಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅದು ನಿಜವೆಂದು ನನ್ನ ಕಾಲುಗಳಿಗೆ ಗೊತ್ತು.

ಎಲ್ಲಕ್ಕಿಂತ ಕಠಿಣವಾದದ್ದು ಆರಿಸುವ ಕೆಲಸ. ದನ ಮೇಯುವ ನೆಲದಲ್ಲಿ ಒಣಗಿದ ಸಗಣಿಯೊಳಗೆ ಕೆಂಡ ತಾಸುಗಟ್ಟಲೆ ಕುಳಿತಿರುತ್ತದೆ, ಪೊಳ್ಳು ಮರದ ಬುಡದಲ್ಲಿ ದಿನಗಟ್ಟಲೆ ಇರುತ್ತದೆ. ಹೊಗೆ ನಿಂತಿತೆಂದು ಮನೆಗೆ ಹೋದವರು ಮರುದಿನ ಓಡಿಬಂದದ್ದನ್ನು ಕಂಡಿದ್ದೇನೆ. ಅಮೆರಿಕದಲ್ಲಿಯೂ ಇದು ತಪ್ಪಿಲ್ಲ. 2022ರಲ್ಲಿ ನ್ಯೂ ಮೆಕ್ಸಿಕೋದಲ್ಲಿ, ಏಪ್ರಿಲ್ 6ರಂದು ಅರಣ್ಯ ಸೇವೆಯವರೇ ಹಚ್ಚಿದ ಬೆಂಕಿಯೊಂದು ಗಾಳಿಗೆ ಸಿಕ್ಕಿ ಗೆರೆ ದಾಟಿತು. ಅದೇ ಸೀಮೆಯಲ್ಲಿ ಜನವರಿಯಲ್ಲಿ ಸುಟ್ಟಿದ್ದ ಟೊಂಗೆಗಳ ಗುಡ್ಡೆಯೊಂದರ ಕೆಂಡ ಹಿಮದ ಕೆಳಗೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು ಏಪ್ರಿಲ್‌ನಲ್ಲಿ ಎದ್ದಿತು. ಎರಡೂ ಕೂಡಿ 3.4 ಲಕ್ಷ ಎಕರೆಯಷ್ಟು ಸುಟ್ಟವು, ನೂರಾರು ಮನೆಗಳು ಹೋದವು. ಆಮೇಲೆ ಅವರು 90 ದಿನ ಇಂಥ ಸುಡುವ ಕೆಲಸವನ್ನೆಲ್ಲ ದೇಶದಾದ್ಯಂತ ನಿಲ್ಲಿಸಿ ನಿಯಮಗಳನ್ನು ಪರಿಶೀಲಿಸಿದರು. ಉಪಕರಣ, ಹವಾಮಾನದ ಮುನ್ಸೂಚನೆ, ತರಬೇತಿ ಎಲ್ಲ ಇದ್ದವರಿಗೇ ಹೀಗಾದ ಮೇಲೆ, ಊರಿನವರು ತಾವೇ ಕಡ್ಡಿ ಗೀರುವ ವಿಚಾರವನ್ನು ದಯವಿಟ್ಟು ಮನಸ್ಸಿಗೂ ತಂದುಕೊಳ್ಳಬೇಡಿರಿ.

ಕಾನೂನಿನ ಮಾತನ್ನೂ ಹೇಳಲೇಬೇಕು. ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ 2019ರಿಂದ ವನ್ಯಜೀವಿ ಅಭಯಾರಣ್ಯವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೆಯ ಕಲಂ ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದನ್ನೂ, ಅಪಾಯವಾಗುವಂತೆ ಬೆಂಕಿಯನ್ನು ಆರಿಸದೆ ಬಿಟ್ಟುಹೋಗುವುದನ್ನೂ ನಿಷೇಧಿಸುತ್ತದೆ. ಒಳ್ಳೆಯ ಉದ್ದೇಶವಿತ್ತು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.


ಉತ್ತರ 3: ಕುರಿಗಾರರ ಮನೆಯವನು, ಶಿರಹಟ್ಟಿ

ಹಿರಿಯರಿಬ್ಬರ ಮಾತನ್ನೂ ಗಮನವಿಟ್ಟು ಓದಿದೆ. ಹೇಳಬೇಕಾದ ಒಂದು ಸಂಗತಿ ಉಳಿದಿದೆ, ಅದನ್ನು ನಾನೇ ಹೇಳುವುದು ಸರಿ ಎನ್ನಿಸುತ್ತದೆ.

ಗುಡ್ಡಕ್ಕೆ ಬೆಂಕಿ ಬಿದ್ದಾಗ ಮೊದಲ ಬೊಟ್ಟು ಕುರಿಗಾರರ ಕಡೆಗೇ ತಿರುಗುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಎಳೆ ಚಿಗುರು ಬರಲೆಂದು ಒಣ ಹುಲ್ಲಿಗೆ ಬೆಂಕಿ ಇಡುತ್ತಿದ್ದದ್ದು ನಿಜ. ನಾನು ಅದನ್ನು ಮುಚ್ಚಿಡುವುದಿಲ್ಲ, ಇಂದು ಯಾರಾದರೂ ಹಾಗೆ ಮಾಡಿದರೆ ಸಮರ್ಥಿಸುವುದೂ ಇಲ್ಲ. ಆದರೆ ಅಂದು ಗುಡ್ಡದ ಮೇಲೆ ಅಷ್ಟೊಂದು ಹುಲ್ಲು ಉಳಿಯುತ್ತಲೇ ಇರಲಿಲ್ಲ. ಬಾದೆ ಹುಲ್ಲನ್ನು ಬಲಿತ ಮೇಲೆ ಕುರಿಯೂ ದನವೂ ಮೂಸುವುದಿಲ್ಲ, ಆದರೂ ಸುಗ್ಗಿ ಮುಗಿಸಿದ ಜನ ಗುಡಿಸಲಿಗೂ ಕೊಟ್ಟಿಗೆಗೂ ಹೊದಿಸಲು ಕುಡಗೋಲು ಹಿಡಿದು ಹೋಗಿ ಹೊರೆಗಟ್ಟಲೆ ಕೊಯ್ದು ಚಕ್ಕಡಿಯಲ್ಲಿ ತರುತ್ತಿದ್ದರು. ತಗಡು ಬಂದಿತು, ಆರ್‌ಸಿಸಿ ಬಂದಿತು, ಬಾದೆ ಹುಲ್ಲು ಯಾರಿಗೂ ಬೇಡವಾಯಿತು. ನನಗೆ ಕಾಣುವಂತೆ, ಇವತ್ತು ಗುಡ್ಡದಲ್ಲಿ ಉರಿಯುತ್ತಿರುವುದು ನಮ್ಮ ಮನೆಗಳ ಮೇಲಿಂದ ಇಳಿದ ಆ ಹುಲ್ಲೇ. ಬಾದೆಯನ್ನು ಕೊಯ್ಯುವವರಿಗೆ ಏನಾದರೊಂದು ಉಪಯೋಗ ಮತ್ತೆ ಹುಟ್ಟದಿದ್ದರೆ, ಬೆಂಕಿ ರೇಖೆಯ ಹುಲ್ಲನ್ನು ಪ್ರತಿ ವರ್ಷ ಕೂಲಿ ಕೊಟ್ಟೇ ತೆಗೆಸಬೇಕಾಗುತ್ತದೆ. ಕೂಲಿಯ ಹಣ ತಡವಾದ ವರ್ಷ ಏನಾಗುತ್ತದೆಂಬುದು ಎಲ್ಲರಿಗೂ ತಿಳಿದಿದೆ.

ಎಳೆಯ ಹುಲ್ಲನ್ನು ಮಳೆಗಾಲದಲ್ಲಿಯೇ ಕುರಿಗಳು ಮೇಯ್ದರೆ ಬೇಸಿಗೆಗೆ ಉಳಿಯುವುದು ಕಡಿಮೆ. ಮೇಡಂ, ಇದನ್ನು ಉರುವಲು ಕಡಿಮೆ ಮಾಡುವ ವಿಧಾನಗಳಲ್ಲಿ ಎಣಿಸುತ್ತಾರೆಯೇ?


ಉತ್ತರ 1ರ ಅಧ್ಯಾಪಕಿಯಿಂದ

ಎಣಿಸುತ್ತಾರೆ ತಮ್ಮಾ. ಗುರಿಯಿಟ್ಟು ಮೇಯಿಸುವುದನ್ನು ಯುರೋಪಿನ ಮೆಡಿಟರೇನಿಯನ್ ದೇಶಗಳಲ್ಲಿ ಬೆಂಕಿ ತಡೆಯುವ ಕೆಲಸವೆಂದೇ ನಡೆಸುತ್ತಾರೆ. ಆದರೆ ಅಭಯಾರಣ್ಯದೊಳಗೆ ತೋಳ, ಕತ್ತೆಕಿರುಬ, ಕೊಂಡುಕುರಿಗಳ ಜಾಗವೂ ಇದೆ, ಸಸಿಗಳೂ ಇವೆ. ಎಲ್ಲಿ, ಯಾವಾಗ, ಎಷ್ಟು ಕುರಿ ಎಂಬುದನ್ನು ಅಧಿಕಾರಿಗಳೊಡನೆ ಕುಳಿತು ಗೊತ್ತುಮಾಡದಿದ್ದರೆ ಒಂದು ಹಾನಿಯನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಳ್ಳುತ್ತೇವೆ. ಗುಡ್ಡದ ಅಂಚಿನ ಪಟ್ಟಿಯಲ್ಲಿ ಇದು ಸಾಧ್ಯವೆಂದು ನನ್ನ ಅಭಿಪ್ರಾಯ.

ನಿಮ್ಮ ಅಜ್ಜನ ಕಾಲದ ಮಾತು ಓದಿದಾಗ ನನಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆನಪಾದರು. ಅವರು ವರ್ಷದ ಆರಂಭದಲ್ಲಿ, ಕಾಡು ಪೂರ್ತಿ ಒಣಗುವ ಮೊದಲು, ತರಗು ಬೆಂಕಿ ಎಂಬ ಸಣ್ಣ ಬೆಂಕಿಯನ್ನು ಹಾಕುತ್ತಿದ್ದರು. ಅದು ತರಗೆಲೆಯನ್ನು ತಿಂದು ತಾನೇ ಆರುತ್ತಿತ್ತು. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು. ನಂತರದ ದಶಕಗಳಲ್ಲಿ ಲಂಟಾನ ಕಾಡನ್ನು ಆವರಿಸಿತು, ನೆಲ್ಲಿ ಮರಗಳ ಮೇಲೆ ಬಂದಳಿಕೆ ಹೆಚ್ಚಿತು. ಎರಡಕ್ಕೂ ತರಗು ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗರು ಹೇಳುತ್ತಾರೆ, ಸಂಶೋಧಕರು ಅವರೊಂದಿಗೆ ಕೂಡಿ ಆ ತಿಳಿವಳಿಕೆಯನ್ನು ದಾಖಲಿಸಿದ್ದಾರೆ. ಲಂಟಾನ ಒಮ್ಮೆ ಪೊದೆಗಟ್ಟಿದ ಮೇಲೆ ಅದೇ ನೆಲದ ಬೆಂಕಿಯನ್ನು ಮರಕ್ಕೆ ಹತ್ತಿಸುವ ಏಣಿಯಾಗುತ್ತದೆ. ಆದ್ದರಿಂದ ಅಲ್ಲಿಯೂ ಈಗ ಹಳೆಯ ಪದ್ಧತಿಯನ್ನು ಹಾಗೆಯೇ ಮರಳಿ ತರುವುದು ಸುಲಭವಾಗಿ ಉಳಿದಿಲ್ಲ.

ಇದನ್ನು ಹೇಳಿದ ಕಾರಣ, ಬೆಂಕಿ ಎಂದರೆ ಎಲ್ಲವೂ ಒಂದೇ ಎಂದು ಸಮಿತಿಯಲ್ಲಿ ಯಾರೂ ಭಾವಿಸಬಾರದು. ಪುಷ್ಯದ ಬೆಂಕಿಯಲ್ಲಿ ಶತಾವರಿಯ ಗಡ್ಡೆ ಮಣ್ಣಿನೊಳಗೆ ಬದುಕಿ ಮಳೆಗೆ ಚಿಗುರುತ್ತದೆ. ಫಾಲ್ಗುಣ-ಚೈತ್ರದ ಬೆಂಕಿಯಲ್ಲಿ ಸಸಿ, ಬೀಜ, ನೆಲದ ಮೇಲಿನ ಗೂಡು ಎಲ್ಲವೂ ಹೋಗುತ್ತವೆ. ಪುಷ್ಯದ ಬೆಂಕಿಯನ್ನೂ ಗುಡ್ಡದ ತುಂಬ ಹಾಕಿದರೆ ಇಳಿಜಾರಿನ ಮಣ್ಣು ತಿಂಗಳುಗಟ್ಟಲೆ ಬೆತ್ತಲಾಗಿದ್ದು ಮೊದಲ ಅಡ್ಡಮಳೆಗೆ ಕೊಚ್ಚಿಹೋಗುತ್ತದೆ, ವರ್ಷವರ್ಷವೂ ಅದೇ ನೆಲವನ್ನು ಸುಟ್ಟರೆ ಬೆಂಕಿಗೆ ಜಗ್ಗದ ಒರಟು ಹುಲ್ಲಷ್ಟೇ ಉಳಿಯುತ್ತದೆ. ಪಟ್ಟಿಗಳಲ್ಲಿ, ಅಂಚುಗಳಲ್ಲಿ, ಜಾಗ ಬದಲಿಸುತ್ತ ಮಾಡಿದರೆ ಮಾತ್ರ ಒಪ್ಪಬಹುದು.


ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಗಿಡ ಕಡಿಯುವ ಮಾತನ್ನು ಅರ್ಜಿಯಿಂದ ತೆಗೆದೆ. ಈಗ ಉಳಿದದ್ದು ಎರಡು: ನಮ್ಮ ಗಡಿಗುಂಟ ಬೆಂಕಿ ರೇಖೆಯನ್ನು ಸಕಾಲದಲ್ಲಿ ಮಾಡಿಸಬೇಕು, ಆ ಪಟ್ಟಿಯ ಬಾದೆ ಹುಲ್ಲನ್ನು ಸುಡುವ ಬದಲು ಊರಿನವರು ಕೊಯ್ದು ಒಯ್ಯಲು ಅವಕಾಶವಾಗಬೇಕು. ಆದರೆ ಅಭಯಾರಣ್ಯದಿಂದ ಹುಲ್ಲುಕಡ್ಡಿಯನ್ನೂ ಒಯ್ಯಬಾರದೆಂದು ಸುಪ್ರೀಂ ಕೋರ್ಟ್ ಆದೇಶವಿದೆಯೆಂದು ಊರಿನಲ್ಲಿ ಒಬ್ಬರು ಹೇಳಿದರು. ಅದು ನಿಜವೇ? ಹಾಗಿದ್ದರೆ ನಾನು ನನ್ನ ಹೊಲದೊಳಗೇ ಮಾಡಿಕೊಳ್ಳಬಹುದಾದದ್ದು ಏನಿದೆ?


ಉತ್ತರ 2ರ ನಿವೃತ್ತ ಫಾರೆಸ್ಟರ್ ಅವರಿಂದ

ನಿಜವಿದೆ. 2000ದ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ಹುಲ್ಲನ್ನೂ ತೆಗೆಯಬಾರದೆಂದು ತಡೆ ನೀಡಿತು. ಮರಗಳ್ಳತನಕ್ಕೆ ಇಂಥ ನೆಪಗಳನ್ನು ಬಳಸುತ್ತಿದ್ದ ಕಾಲದಲ್ಲಿ ಅದು ಬೇಕಾಗಿತ್ತೆಂದೇ ನಾನು ನಂಬಿದ್ದೇನೆ. ಇನ್ನೊಂದು ಕಡೆ, ಕಾಯ್ದೆಯ 29ನೆಯ ಕಲಂನಲ್ಲಿ, ವನ್ಯಜೀವಿಗಳ ಹಿತಕ್ಕಾಗಿ ಮತ್ತು ಅಭಯಾರಣ್ಯದ ಉತ್ತಮ ನಿರ್ವಹಣೆಗಾಗಿ ತೆಗೆದ ಅರಣ್ಯ ಉತ್ಪನ್ನವನ್ನು ಸುತ್ತಲಿನ ಜನರ ಸ್ವಂತ ನೈಜ ಅಗತ್ಯಕ್ಕೆ ಬಳಸಬಹುದು, ವ್ಯಾಪಾರಕ್ಕೆ ಬಳಸಬಾರದು ಎಂದಿದೆ. ಆದ್ದರಿಂದ ಅರ್ಜಿಯ ಒಕ್ಕಣೆ ಮುಖ್ಯ. ‘ನಮಗೆ ಹುಲ್ಲು ಬೇಕು’ ಎಂದು ಬರೆಯಬೇಡಿರಿ. ‘ಬೆಂಕಿ ರೇಖೆಯ ಕೆಲಸವನ್ನು ನಿರ್ವಹಣಾ ಯೋಜನೆಯಲ್ಲಿ ಸೇರಿಸಿ, ಸವರಿದ ಹುಲ್ಲಿನ ವಿಲೇವಾರಿಗೆ ಸಮಿತಿಯ ಸಹಕಾರ ಪಡೆಯಿರಿ’ ಎಂದು ಬರೆಯಿರಿ. ನಿರ್ಧಾರ ಮೇಲಿನ ಅಧಿಕಾರಿಗಳದ್ದು. ಕೆಳಗಿನ ಗಾರ್ಡ್‌ನನ್ನು ಒತ್ತಾಯಿಸಿದರೆ ಅವನು ಪಾಪ ತೊಂದರೆಗೆ ಸಿಕ್ಕಿಕೊಳ್ಳುತ್ತಾನೆ.

ನಿಮ್ಮ ಹೊಲದೊಳಗೆ ಮಾಡಬೇಕಾದದ್ದಕ್ಕೆ ಯಾರ ಅಪ್ಪಣೆಯೂ ಬೇಡ. ಸುಗ್ಗಿಯಾದ ಕೂಡಲೇ ಪಡುವಣ ಬದುವಿಗೆ ಒತ್ತಿ ಹತ್ತು-ಹನ್ನೆರಡು ಸಾಲು ನೇಗಿಲು ಹೊಡೆದು ಮಣ್ಣು ಮೇಲೆ ಮಾಡಿರಿ, ಕೂಳೆ ಒಂದೂ ಉಳಿಯದಂತೆ ಆಯಿಸಿರಿ. ಬದುವಿನ ಮೇಲಿನ ಹುಲ್ಲನ್ನು ಹಸಿರಿರುವಾಗಲೇ ಕೊಯ್ದು ದನಕ್ಕೆ ಹಾಕಿರಿ. ಬಣವಿಯನ್ನು ಗುಡ್ಡದ ಮಗ್ಗುಲಿನಿಂದ ಎತ್ತಿ ಊರ ಕಡೆಯ ಬದುವಿಗೆ ತನ್ನಿರಿ, ಒಂದರ ಬದಲು ಎರಡು ಮಾಡಿ ನಡುವೆ ಜಾಗ ಬಿಡಿರಿ. ಹೊಲದ ಕಸವನ್ನು ಮಾಘ ಮಾಸದ ನಂತರ ಸುಡಲೇಬೇಡಿರಿ, ಗುಡ್ಡಕ್ಕೆ ಬೆಂಕಿ ಹೊಲದಿಂದಲೂ ಏರುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ನೋಂದಾಯಿಸಿದರೆ, ಉಪಗ್ರಹಕ್ಕೆ ನಿಮ್ಮ ಭಾಗದಲ್ಲಿ ಬೆಂಕಿ ಕಂಡಾಗ ಸಂದೇಶ ಬರುತ್ತದೆ. ಆದರೆ ಆ ಉಪಗ್ರಹ ಹಾದುಹೋಗುವುದು ಮಧ್ಯಾಹ್ನ ಒಮ್ಮೆ, ನಡುರಾತ್ರಿಯ ನಂತರ ಒಮ್ಮೆ. ನಡುವಿನ ಹೊತ್ತಿಗೆ ನಿಮ್ಮ ಕಣ್ಣೇ ಬೇಕು. ಹೊಗೆ ಕಂಡ ತಕ್ಷಣ ಯಾರು ಯಾರಿಗೆ ಫೋನ್ ಮಾಡಬೇಕೆಂಬ ಪಟ್ಟಿಯನ್ನು ಸಮಿತಿಯ ಮೊದಲ ಸಭೆಯಲ್ಲಿಯೇ ಬರೆದಿಡಿರಿ.

ಅರ್ಜಿಯನ್ನು ದೀಪಾವಳಿಯೊಳಗೆ ಕೊಡಿರಿ. ಎಳ್ಳ ಅಮಾವಾಸ್ಯೆಗೆ ಕೆಲಸ ಆಗಬೇಕಾದರೆ ಕಾಗದ ಅಷ್ಟು ಮೊದಲೇ ಹೊರಡಬೇಕು. ಒಂದು ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮೊಹರನ್ನೂ ದಿನಾಂಕವನ್ನೂ ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿರಿ.